ಅರ್ಧ ಕೊಡುತ್ತೇವೆ ಅಂದರು, ಬಂದದ್ದು ನೂರಕ್ಕೆ ಮೂವತ್ತೊಂದು

2024ರ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಬ್ಯಾಂಕಿನಿಂದ ಮೆಸೇಜು ಬಂತು. ಯಾರೋ ಗಿರಾಕಿ ಹಳೇ ಬಾಕಿ ತೀರಿಸಿರಬೇಕು ಅಂದುಕೊಂಡೆ. ಮೊತ್ತ ನೋಡಿದರೆ ನಮ್ಮ ಯಾವ ಬಿಲ್ಲಿಗೂ ತಾಳೆಯಾಗಲಿಲ್ಲ. ತಮ್ಮ ಹಿಂದಿನಿಂದ ಇಣುಕಿ, "ಅಕ್ಕಾ, ಇದು ಮೇಳದ ದುಡ್ಡು ಕಣೇ" ಅಂದ. ಮೇಳ ಮುಗಿದು ಹನ್ನೊಂದು ತಿಂಗಳಾಗಿತ್ತು. ಬರುತ್ತೆ ಅನ್ನುವ ಆಸೆಯನ್ನೇ ನಾವಿಬ್ಬರೂ ಬಿಟ್ಟಿದ್ದೆವು.

ಸಣ್ಣ ಕಂಪನಿಗಳು ವಿದೇಶದ ವ್ಯಾಪಾರ ಮೇಳದಲ್ಲಿ ಸ್ಟಾಲ್ ಹಾಕಲಿ ಅಂತ ಸರ್ಕಾರ ಕೊಡುವ ಅನುದಾನವನ್ನು ಒಂದು ಸಲ ಪೂರ್ತಿ ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಪೂರ್ತಿ ಅಂದರೆ ಅರ್ಜಿಯಿಂದ ಹಿಡಿದು ಖಾತೆಗೆ ದುಡ್ಡು ಬೀಳುವ ತನಕ. ಮಧ್ಯದಲ್ಲೇ ಬರೆದಿದ್ದರೆ ಇಷ್ಟು ಸಮಾಧಾನದಿಂದ ಬರೆಯುತ್ತಿರಲಿಲ್ಲ. ಯಾವ ಇಲಾಖೆ, ಯಾವ ಕಚೇರಿ ಅಂತ ಹೆಸರು ಹಾಕುವುದಿಲ್ಲ. ನಮ್ಮ ಎರಡನೇ ಅರ್ಜಿ ಇನ್ನೂ ಅವರ ಮೇಜಿನ ಮೇಲಿದೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ, ಪಕ್ಕದ ಸ್ಟಾಲಿನವರ ಜೊತೆ ಐದು ದಿನ ಮಾತಾಡಿದ ಮೇಲೆ ತಿಳಿಯಿತು: ಹೆಸರು ಬೇರೆಯಾದರೂ ಈ ಯೋಜನೆಗಳ ಜಾತಕ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

ನಾವು ಏಳು ಜನರ ಕಂಪನಿ. ಮರದ ತೇವಾಂಶ ಅಳೆಯುವ ಕೈಮೀಟರು ಮಾಡುತ್ತೇವೆ. ಎರಡು ಮೊನಚು ಪಿನ್ನು, ಒಂದು ಡಿಸ್‌ಪ್ಲೇ, ಒಳಗೆ ಒಂದು ಬೋರ್ಡು. ಪಿನ್ನನ್ನು ಮರಕ್ಕೆ ಚುಚ್ಚಿದರೆ ಎರಡರ ನಡುವೆ ವಿದ್ಯುತ್ತಿಗೆ ಎಷ್ಟು ತಡೆ ಇದೆ ಅಂತ ನೋಡಿ, ಮರದ ಜಾತಿ ಮತ್ತು ಉಷ್ಣತೆಗೆ ತಕ್ಕಂತೆ ತಿದ್ದಿ, ತೇವ ಶೇಕಡಾ ಇಷ್ಟು ಅಂತ ತೋರಿಸುತ್ತೆ. ಇಂಥ ಮೀಟರನ್ನು ಹೊರದೇಶಕ್ಕೆ ಮಾರಬೇಕು ಅಂದರೆ ಹೋಗಬೇಕಾದ ಜಾಗ ಜರ್ಮನಿಯ ಹ್ಯಾನೋವರ್‌ನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಲಿಗ್ನಾ. 1975ರಿಂದ ನಡೆದುಬಂದಿರುವ, ಮರಗೆಲಸದ ಯಂತ್ರಗಳ ದೊಡ್ಡ ಮೇಳ. ನಾವು ಹೋದದ್ದು 2023ರ ಮೇ ತಿಂಗಳಲ್ಲಿ.

ಮೊದಲು ದುಡ್ಡಿನ ಮಾತು, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಯೋಜನೆಯ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು "ಶೇ 50 ಅನುದಾನ". ನಮ್ಮ ಒಟ್ಟು ಖರ್ಚನ್ನು ನೂರು ಅಂತ ಇಟ್ಟುಕೊಳ್ಳಿ. ಸ್ಟಾಲಿನ ಬಾಡಿಗೆ, ಗೋಡೆ, ದೀಪ, ಕಾರ್ಪೆಟ್ಟು ಸೇರಿ 38. ಇಬ್ಬರ ವಿಮಾನ ಟಿಕೆಟ್ಟು 17. ಹೋಟೆಲು 16, ಮೇಳದ ವಾರದಲ್ಲಿ ಆ ಊರಿನ ಕೋಣೆಗಳ ದರ ಏರುವುದನ್ನು ನೋಡಿದರೆ ನಾವೂ ಮೀಟರು ಬಿಟ್ಟು ಹೋಟೆಲು ಮಾಡೋಣ ಅನ್ನಿಸುತ್ತೆ. ಸ್ಯಾಂಪಲ್ಲುಗಳ ಸಾಗಣೆ ಮತ್ತು ಅದರ ಕಸ್ಟಮ್ಸ್ ಕಾಗದಪತ್ರ 9. ಬ್ಯಾನರು, ಕ್ಯಾಟಲಾಗು, ಅದರ ಜರ್ಮನ್ ಅನುವಾದ 8. ವೀಸಾ, ವಿಮೆ, ಊಟ, ಓಡಾಟ 12.

ಈಗ "ಅರ್ಹ ವೆಚ್ಚ" ಅನ್ನುವ ಪದ ಬರುತ್ತೆ. ಕರಪತ್ರದಲ್ಲಿ ಅದು ಸಣ್ಣಕ್ಷರದಲ್ಲಿತ್ತು. ಹೋಟೆಲು ಅರ್ಹವಲ್ಲ. ಊಟ, ಓಡಾಟ, ವೀಸಾ ಅರ್ಹವಲ್ಲ. ವಿಮಾನ ಟಿಕೆಟ್ಟು ಒಬ್ಬರದ್ದು ಮಾತ್ರ, ಅದೂ ಎಕಾನಮಿ ಕ್ಲಾಸಿನದು, ಅಂದರೆ 8.5. ಸ್ಟಾಲು ಪೂರ್ತಿ ಅರ್ಹ, ಸಾಗಣೆ ಅರ್ಹ, ಪ್ರಚಾರ ಸಾಮಗ್ರಿ ಅರ್ಹ. ಆದರೆ ಅನುವಾದದ ಬಿಲ್ಲು 1.5 ಹೋಯಿತು, ಅದರ ಕಥೆ ಮುಂದೆ ಹೇಳುತ್ತೇನೆ. ಕೂಡಿದರೆ 62. ಅದರ ಅರ್ಧ 31. ಮೋಸ ಅಂತ ನಾನು ಹೇಳುವುದಿಲ್ಲ, ಬರೆದದ್ದನ್ನು ಬರೆದ ಹಾಗೇ ಕೊಟ್ಟಿದ್ದಾರೆ. ಆದರೆ ಅರ್ಜಿ ಹಾಕುವ ಮೊದಲು ಈ ಕೂಡು-ಕಳೆ ಮಾಡಿಕೊಳ್ಳದೆ "ಅರ್ಧ ಸರ್ಕಾರದ್ದು" ಅಂತ ಹೊರಟರೆ ನಡುದಾರಿಯಲ್ಲಿ ಕೈ ಖಾಲಿಯಾಗುತ್ತೆ.

ಅದಕ್ಕಿಂತ ದೊಡ್ಡ ಸಂಗತಿ ಅಂದರೆ ಆ 31 ಮೊದಲು ಬರುವುದಿಲ್ಲ. ನೂರಕ್ಕೆ ನೂರೂ ನಮ್ಮ ಕೈಯಿಂದಲೇ ಹೋಗಬೇಕು. ಹೋಗಿ, ಬಂದು, ಬಿಲ್ಲುಗಳ ಕಟ್ಟು ಕೊಟ್ಟು, ಅವರು ನೋಡಿ, ಪ್ರಶ್ನೆ ಕೇಳಿ, ನಾವು ಉತ್ತರಿಸಿ, ಆಮೇಲೆ. ಅಷ್ಟು ದಿನ ನಾವು ಆ ದುಡ್ಡನ್ನು ಓವರ್‌ಡ್ರಾಫ್ಟಿನಲ್ಲಿ ಹೊತ್ತುಕೊಂಡಿದ್ದೆವು. ನಮ್ಮ ಆಡಿಟರು ತಣ್ಣಗೆ, "ನೋಡಿ, ಈ ಒಂದು ವರ್ಷ ನೀವೇ ಸರ್ಕಾರಕ್ಕೆ ಸಾಲ ಕೊಟ್ಟ ಹಾಗಾಯಿತು, ಅದೂ ಬಡ್ಡಿಯಿಲ್ಲದೆ" ಅಂದರು. ಬ್ಯಾಂಕಿಗೆ ಕಟ್ಟಿದ ಬಡ್ಡಿ ಕಳೆದರೆ 31 ಕೂಡ 31 ಅಲ್ಲ. ಈ ಅನುದಾನ ಕೈಯಲ್ಲಿ ಕಾಸಿಲ್ಲದವರಿಗೆ ಆಗಿಬರುವಂಥದ್ದಲ್ಲ. ಕಾಸು ಇದ್ದೂ ಹೋಗಲು ಧೈರ್ಯ ಸಾಲದವರಿಗೆ ಇದು ಹೇಳಿ ಮಾಡಿಸಿದ್ದು. ನಾವು ಎರಡನೇ ಜಾತಿಯವರು. ಸುಮಾರು ಆರು ವರ್ಷ "ಮುಂದಿನ ಸಲ ಹೋಗೋಣ" ಅನ್ನುತ್ತಲೇ ಇದ್ದೆವು. ಮಂಜೂರಾತಿ ಪತ್ರ ಬಂದ ಮೇಲೆ ಹೋಗದೆ ಇರಲು ನೆಪ ಸಿಗಲಿಲ್ಲ.

ಅರ್ಜಿ ಹಾಕಿದ್ದು 2022ರ ಆಗಸ್ಟಿನಲ್ಲಿ. ಫಾರಂ ಒಂಬತ್ತು ಪುಟ, ಅದರಲ್ಲಿ ಆರು ಪುಟ ನಾವು ನಿಜವಾಗಿಯೂ ಇದ್ದೇವೆ ಅಂತ ಸಾಬೀತು ಮಾಡಲಿಕ್ಕೆ: ನೋಂದಣಿ, ಮೂರು ವರ್ಷದ ಲೆಕ್ಕ, ನೌಕರರ ಸಂಖ್ಯೆ, ತೆರಿಗೆ ಬಾಕಿ ಇಲ್ಲ ಅನ್ನುವ ಪತ್ರ. ಏಳನೇ ಪುಟದಲ್ಲಿ ಒಂದು ಪ್ರಶ್ನೆ: "ಈ ಮೇಳವನ್ನೇ ಏಕೆ ಆರಿಸಿದ್ದೀರಿ? ಯಾರನ್ನು ಭೇಟಿಯಾಗಲು ಬಯಸುತ್ತೀರಿ?" ಉತ್ತರಕ್ಕೆ ನಾಲ್ಕು ಸಾಲಿನ ಜಾಗ. ನಾನು ಅಲ್ಲೇ ಮೂರು ದಿನ ಕೂತೆ. ಗಿರಾಕಿ ಯಾರು, ಮರ ಒಣಗಿಸುವ ಕಿಲ್ನ್ ನಡೆಸುವವನೋ, ನೆಲಕ್ಕೆ ಹಲಗೆ ಹಾಸುವವನೋ, ಅಂಗಡಿಗೆ ಸಗಟು ಕೊಡುವವನೋ ಅಂತ ಅಷ್ಟು ವರ್ಷ ನಾವು ಒಂದು ಸಲವೂ ಕೂತು ಬರೆದಿರಲಿಲ್ಲ. ಕೊನೆಗೆ ಬರೆದದ್ದು, "ಅಂಗಡಿಗಳಿಗೆ ಉಪಕರಣ ಹಂಚುವ ಸಗಟು ವ್ಯಾಪಾರಿಗಳು, ಕನಿಷ್ಠ ಹತ್ತು ಜನ". ಇಡೀ ಅನುದಾನದಲ್ಲಿ ನನಗೆ ಹೆಚ್ಚು ಲಾಭ ತಂದದ್ದು ಆ ನಾಲ್ಕು ಸಾಲು ಅಂತ ಈಗಲೂ ಅನ್ನಿಸುತ್ತೆ.

ಮಂಜೂರಾತಿ ಬಂದದ್ದು 2023ರ ಫೆಬ್ರವರಿಯಲ್ಲಿ. ಇಲ್ಲೊಂದು ಗಂಟಿದೆ, ಹೊಸಬರು ಗಮನವಿಟ್ಟು ನೋಡಿ. ಮಂಜೂರಾತಿ ಪತ್ರದ ತಾರೀಖಿಗೆ ಮೊದಲು ಮಾಡಿದ ಯಾವ ಖರ್ಚೂ ಲೆಕ್ಕಕ್ಕಿಲ್ಲ. ಆದರೆ ದೊಡ್ಡ ಮೇಳಗಳಲ್ಲಿ ಒಳ್ಳೆಯ ಜಾಗ ಬೇಕಾದರೆ ತಿಂಗಳುಗಟ್ಟಲೆ ಮುಂಚೆ ಮುಂಗಡ ಕಟ್ಟಬೇಕು. ಪತ್ರಕ್ಕೆ ಕಾದರೆ ಜಾಗ ಹೋಗುತ್ತೆ, ಜಾಗ ಹಿಡಿದರೆ ಅನುದಾನ ಹೋಗುತ್ತೆ. ಇದಕ್ಕೆ ಇಲಾಖೆ ಕಂಡುಕೊಂಡ ಉಪಾಯ ಸಾಮೂಹಿಕ ಪೆವಿಲಿಯನ್. ಅವರೇ ಒಂದು ದೊಡ್ಡ ಜಾಗ ಮೊದಲೇ ಹಿಡಿದು, ತುಂಡು ತುಂಡು ಮಾಡಿ, ಮಂಜೂರಾದವರಿಗೆ ಹಂಚುತ್ತಾರೆ. ನಮ್ಮ ಪಾಲು ನಾವು ಪತ್ರ ಬಂದ ಮೇಲೆ ಕಟ್ಟಿದರೆ ಸಾಕು. ಜಾಣ ಉಪಾಯವೇ. ಆದರೆ ಅವರು ಕೊಟ್ಟ ಜಾಗದಲ್ಲಿ ಕೂರಬೇಕು.

ಅನುವಾದದ ಬಿಲ್ಲು ಹೋದದ್ದು ಇದೇ ಗಂಟಿನಲ್ಲಿ. ತಮ್ಮ ಜನವರಿಯಲ್ಲೇ ಉತ್ಸಾಹ ತಡೆಯಲಾರದೆ ಕ್ಯಾಟಲಾಗನ್ನು ಜರ್ಮನ್‌ಗೆ ಮಾಡಿಸಿಬಿಟ್ಟ. ಬಿಲ್ಲಿನ ತಾರೀಖು ಮಂಜೂರಾತಿಗಿಂತ ಹದಿನೇಳು ದಿನ ಹಿಂದಿನದು. ಆ ಬಿಲ್ಲಿಗೆ ಕೆಂಪು ಶಾಯಿಯ ಗೀಟು ಬಿತ್ತು. "ಅನುವಾದ ಬೇಗ ಆಗಿದ್ದೂ ತಪ್ಪಾ?" ಅಂತ ಅವನು ಇವತ್ತಿಗೂ ಗೊಣಗುತ್ತಾನೆ.

ಮೇಳಕ್ಕೆ ಆರು ವಾರ ಮೊದಲು ಇಲಾಖೆಯವರು ಆನ್‌ಲೈನಿನಲ್ಲಿ ಅರ್ಧ ದಿನದ ತರಬೇತಿ ಇಟ್ಟಿದ್ದರು. ಸರ್ಕಾರಿ ತರಬೇತಿ ಅಂದಕೂಡಲೇ ಕ್ಯಾಮೆರಾ ಆಫ್ ಮಾಡಿ ಬೇರೆ ಕೆಲಸ ಹಚ್ಚಿಕೊಂಡಿದ್ದೆ. ಹತ್ತು ನಿಮಿಷದಲ್ಲಿ ಆ ಬೇರೆ ಕೆಲಸ ಬಿಟ್ಟೆ. ಹೇಳುತ್ತಿದ್ದವರು ಸ್ವತಃ ಎಷ್ಟೋ ಮೇಳಗಳಲ್ಲಿ ನಿಂತು ಕಾಲು ನೋಯಿಸಿಕೊಂಡ ಅಧಿಕಾರಿ. "ಸ್ಟಾಲಿಗೆ ಕೊಟ್ಟಿರುವ ಕುರ್ಚಿಯನ್ನು ಮೊದಲ ದಿನವೇ ಹೊರಗೆ ಹಾಕಿ. ಕೂತವರ ಹತ್ತಿರ ಯಾರೂ ಬರಲ್ಲ" ಅಂದರು. "ಗಿರಾಕಿ ತಾನಾಗಿ ಬರ್ತಾನೆ ಅಂತ ಕಾಯಬೇಡಿ. ಈಗಲೇ ಇಮೇಲ್ ಬರೆದು ಸಮಯ ಗೊತ್ತು ಮಾಡಿಕೊಳ್ಳಿ, ಒಂದು ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ" ಅಂದರು. ನಾವು ಅರವತ್ತು ಇಮೇಲ್ ಬರೆದೆವು, ಒಂಬತ್ತು ಜನ ಉತ್ತರಿಸಿದರು, ಆರು ಜನ ಬಂದರು. ಆ ಆರು ಜನ ಇಲ್ಲದಿದ್ದರೆ ನಮ್ಮ ಸ್ಟಾಲಿಗೆ ದಿಕ್ಕಿರಲಿಲ್ಲ. ಈ ತರಬೇತಿಗೆ ಐದಕ್ಕೆ ಐದು.

ಸ್ಯಾಂಪಲ್ಲು ಸಾಗಿಸುವುದಕ್ಕೆ ಎಟಿಎ ಕಾರ್ನೆ ಮಾಡಿಸಲು ಹೇಳಿದವರೂ ಅವರೇ. ಸರಕನ್ನು ಮಾರಲಿಕ್ಕಲ್ಲ, ತೋರಿಸಿ ವಾಪಸ್ ತರಲಿಕ್ಕೆ ಒಯ್ಯುತ್ತಿದ್ದೇವೆ ಅಂತ ಹೇಳುವ ಪುಸ್ತಕ ಅದು, ಸರಕಿನ ಪಾಸ್‌ಪೋರ್ಟ್ ಅನ್ನಬಹುದು. 1961ರ ಒಂದು ಅಂತರರಾಷ್ಟ್ರೀಯ ಒಪ್ಪಂದದಿಂದ ಹುಟ್ಟಿದ್ದು, ಹೆಚ್ಚೆಂದರೆ ಒಂದು ವರ್ಷ ನಡೆಯುತ್ತೆ. ಹೊರಡುವಾಗ, ಒಳಹೋಗುವಾಗ, ಹೊರಬರುವಾಗ, ಮನೆ ಸೇರುವಾಗ, ನಾಲ್ಕು ಕಡೆ ಮುದ್ರೆ ಬೀಳಬೇಕು. ಒಂದು ತಪ್ಪಿದರೂ ಸರಕು ಅಲ್ಲೇ ಮಾರಾಟವಾಯಿತು ಅಂತ ಸುಂಕ ಕೇಳಬಹುದು. ಹಂಚಿಬಿಡುವ ಪೆನ್ನು, ಕ್ಯಾಟಲಾಗು ಇದರಡಿ ಬರುವುದಿಲ್ಲ. ವಾಪಸ್ ಬರುವಾಗ ನಾವು ವಿಮಾನದ ಅವಸರದಲ್ಲಿ ಕಸ್ಟಮ್ಸ್ ಕಿಟಕಿ ದಾಟಿ ಚೆಕ್-ಇನ್ ಸಾಲಿನಲ್ಲಿ ನಿಂತಿದ್ದೆವು. ತಮ್ಮನಿಗೆ ಹೇಗೋ ನೆನಪಾಯಿತು, ಮೀಟರುಗಳ ಪೆಟ್ಟಿಗೆ ಹೊತ್ತು ಹಿಂದಕ್ಕೆ ಓಡಿದ. ಮುದ್ರೆ ಹಾಕಿಸಿಕೊಂಡು ಬಂದಾಗ ಅವನ ಮುಖ ನೋಡಲಾಗುತ್ತಿರಲಿಲ್ಲ.

ಈಗ ಪೆವಿಲಿಯನ್ನಿಗೆ ಬರೋಣ. ನನ್ನ ತಕರಾರೆಲ್ಲ ಇರುವುದು ಇಲ್ಲಿ.

ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಕಡೆ ಬಿಳಿ ಗೋಡೆ. ಮುಂದೆ ನಮ್ಮ ಹೆಸರಿನ ಪಟ್ಟಿ, ಅದರಲ್ಲಿ ಒಂದು ಅಕ್ಷರ ತಪ್ಪು. ಅದರ ಮೇಲೆ ನಮ್ಮ ಹೆಸರಿಗಿಂತ ನಾಲ್ಕು ಪಟ್ಟು ದೊಡ್ಡದಾಗಿ ಸರ್ಕಾರದ ಲಾಂಛನ. ಇಷ್ಟನ್ನು ಸಹಿಸಬಹುದು. ನಮ್ಮ ಸ್ಟಾಲಿನ ಎಡಮೂಲೆಯ ಎದುರಿಗೇ ಒಂದು ಕಂಬ, ಅದಕ್ಕೆ ಬೆಂಕಿ ಆರಿಸುವ ಪೈಪಿನ ಕೆಂಪು ಪೆಟ್ಟಿಗೆ. ಅದನ್ನು ಮುಚ್ಚುವ ಹಾಗಿಲ್ಲ, ಬ್ಯಾನರು ಕಟ್ಟುವ ಹಾಗಿಲ್ಲ. ದೊಡ್ಡ ದಾರಿಯಿಂದ ಬರುವವರಿಗೆ ಮೊದಲು ಕಂಬ, ಆಮೇಲೆ ಪೆಟ್ಟಿಗೆ, ತೀರಾ ಹತ್ತಿರ ಬಂದ ಮೇಲೆ ನಾವು. ಯಾರಿಗೆ ಯಾವ ಸ್ಟಾಲು ಅಂತ ಹೇಗೆ ಹಂಚಿದಿರಿ ಅಂತ ಕೇಳಿದೆ. ಅರ್ಜಿ ಬಂದ ಕ್ರಮದಲ್ಲಿ ಅಂದರು. ಆಗಸ್ಟಿನ ಬದಲು ಜುಲೈಯಲ್ಲಿ ಹಾಕಿದ್ದರೆ ಕಂಬ ಬೇರೆಯವರ ಪಾಲಾಗುತ್ತಿತ್ತು ಅಂದಹಾಗಾಯಿತು.

ಕಂಬವನ್ನೂ ಬಿಡಿ. ಮೂಲದಲ್ಲೇ ಒಂದು ತಪ್ಪಿದೆ. ಪೆವಿಲಿಯನ್ನು ಜನರನ್ನು ದೇಶದ ಲೆಕ್ಕದಲ್ಲಿ ಕೂಡಿಸುತ್ತೆ, ಕೊಳ್ಳುವವನು ಹುಡುಕುವುದು ವಸ್ತುವಿನ ಲೆಕ್ಕದಲ್ಲಿ. ನಮ್ಮ ಸಾಲಿನಲ್ಲಿ ಒಬ್ಬರು ಬಾಗಿಲ ತಿರುಗಣೆ ಮಾಡುವವರು, ಒಬ್ಬರು ಅಂಟು, ಒಬ್ಬರು ಪಾಲಿಶ್ ಬ್ರಷ್ಷು, ಇನ್ನೊಬ್ಬರು ಗರಗಸದ ಬ್ಲೇಡು. ಒಬ್ಬರ ಗಿರಾಕಿ ಇನ್ನೊಬ್ಬರಿಗೆ ಪ್ರಯೋಜನವಿಲ್ಲ. ತೇವಾಂಶ ಅಳೆಯುವ ದೊಡ್ಡ ಕಂಪನಿಗಳೆಲ್ಲ ಮರ ಒಣಗಿಸುವ ಯಂತ್ರಗಳ ಹಾಲ್‌ನಲ್ಲಿದ್ದವು, ನಮ್ಮಿಂದ ಹತ್ತು ನಿಮಿಷದ ನಡಿಗೆ. ಮೀಟರು ಬೇಕಾದವನು ಅಲ್ಲಿ ನೋಡಿ, ಅಲ್ಲೇ ಮಾತಾಡಿ, ಅಲ್ಲಿಂದಲೇ ರೈಲಿಗೆ ಹೋಗುತ್ತಾನೆ. "ಇವತ್ತು ಯಾವ ದೇಶದ ಮೀಟರು ಕೊಳ್ಳೋಣ" ಅಂತ ಯೋಚಿಸುತ್ತಾ ಮೇಳಕ್ಕೆ ಬರುವ ಪ್ರಾಣಿಯನ್ನು ನಾನಂತೂ ಇದುವರೆಗೆ ನೋಡಿಲ್ಲ. ದೇಶದ ಪೆವಿಲಿಯನ್ನು ನೋಡಲು ತಪ್ಪದೆ ಬಂದವರು ನಮ್ಮದೇ ದೇಶದ ಅಧಿಕಾರಿಗಳು. ರಿಬ್ಬನ್ ಕತ್ತರಿಸಿದರು, ಫೋಟೋ ತೆಗೆಸಿಕೊಂಡರು, ಆ ಮುಕ್ಕಾಲು ಗಂಟೆ ದಾರಿ ಕಟ್ಟಿಹೋಗಿ ಯಾವ ಗಿರಾಕಿಯೂ ಒಳಗೆ ಬರಲಾಗಲಿಲ್ಲ.

ಕಂಬಕ್ಕೆ ನಾವು ಕಂಡುಕೊಂಡ ಔಷಧ ಎರಡು ಮರದ ತುಂಡು. ತಮ್ಮನ ಯೋಚನೆ ಅದು. ಅಲ್ಲಿನ ಹಾರ್ಡ್‌ವೇರ್ ಅಂಗಡಿಯಿಂದ ಬೀಚ್ ಮರದ ಎರಡು ತುಂಡು ತಂದ, ನೋಡಲು ಅವಳಿಜವಳಿ. ಒಂದನ್ನು ಹೋಟೆಲಿನ ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಹಾಕಿ ಬೆಳಿಗ್ಗೆ ಒರೆಸಿದ. ಕಂಬದ ಪಕ್ಕ ದಾರಿಗೆ ಹತ್ತಿರವಾಗಿ ಟೇಬಲ್ ಎಳೆದು ಎರಡನ್ನೂ ಇಟ್ಟು, "ಯಾವುದು ಒಣಗಿದ್ದು? ಮುಟ್ಟಿ ಹೇಳಿ" ಅಂತ ಒಂದು ಚೀಟಿ ಅಂಟಿಸಿದ. ಮರಗೆಲಸದವರಿಗೆ ಇದಕ್ಕಿಂತ ದೊಡ್ಡ ಸವಾಲಿಲ್ಲ. ಮೂವತ್ತು ವರ್ಷ ಮರ ಮುಟ್ಟಿದ ಕೈಗಳು ಬಂದು ಸವರಿದವು, ತೂಗಿದವು, ಮೂಸಿದವು, ಉಗುರಿನಿಂದ ಕುಟ್ಟಿದವು. ಆಮೇಲೆ ಮೀಟರು ಚುಚ್ಚಿದರೆ ಒಂದು 9, ಇನ್ನೊಂದು 18. ಪೀಠೋಪಕರಣಕ್ಕೆ 9 ಸರಿ. 18ರದ್ದನ್ನು ಬಳಸಿ ಮೇಜು ಮಾಡಿದರೆ ಅದು ಮನೆಯೊಳಗೆ ಒಣಗುತ್ತಾ ಬಿರಿಯುತ್ತೆ, ಕೀಲು ಸಡಿಲವಾಗುತ್ತೆ. ತಪ್ಪು ಹೇಳಿದವರು ನಗುತ್ತಾ ಗೆಳೆಯರನ್ನು ಕರೆದುಕೊಂಡು ಬಂದರು.

ಬುಧವಾರ ಮಧ್ಯಾಹ್ನ ಒಬ್ಬ ಮುದುಕ ಬಂದು ಎರಡನ್ನೂ ಮುಟ್ಟಿ, "ಎರಡೂ ಒಣಗಿವೆ" ಅಂದ. ತಮ್ಮ ಗೆದ್ದ ನಗೆ ನಕ್ಕು ಚುಚ್ಚಿದ. 9, ಮತ್ತು 12. ಹಾಲ್‌ನ ಒಣ ಗಾಳಿ, ತಲೆ ಮೇಲಿನ ಸ್ಪಾಟ್‌ಲೈಟು, ಎರಡೇ ದಿನದಲ್ಲಿ ನಮ್ಮ ಹಸಿ ಮರ ಒಣಗಿ ಕೂತಿತ್ತು. ಮುದುಕ ಏನೂ ಹೇಳದೆ ಒಂದು ಕಾರ್ಡು ಇಟ್ಟು ಹೋದ. ಅವತ್ತಿನಿಂದ ಆ ತುಂಡನ್ನು ರಾತ್ರಿ ನೆನೆಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದು, ಗಂಟೆಗೊಮ್ಮೆ ನಾವೇ ಅಳೆದು ನೋಡುತ್ತಿದ್ದೆವು. ಅಂದಹಾಗೆ, ಮರದ ತುಂಡಿನ ಬಿಲ್ಲನ್ನೂ ಲೆಕ್ಕಕ್ಕೆ ಹಾಕಿದ್ದೆ. "ಮಂಜೂರಾದ ಪಟ್ಟಿಯಲ್ಲಿ ಇಲ್ಲ" ಅಂತ ತೆಗೆದರು. ಇಡೀ ಮೇಳದಲ್ಲಿ ಕೆಲಸಕ್ಕೆ ಬಂದ ಖರ್ಚು ಅದೊಂದೇ ಅಂತ ವಾದಿಸಬಹುದಿತ್ತು, ಆ ಚಿಲ್ಲರೆಗೆ ಗಂಟಲು ಯಾಕೆ ಹರಿದುಕೊಳ್ಳಲಿ ಅಂತ ಸುಮ್ಮನಾದೆ.

ಜನ ಕಡಿಮೆ ಇದ್ದಾಗ ಅಕ್ಕಪಕ್ಕದ ಹಾಲ್‌ಗಳನ್ನು ಸುತ್ತಿದೆ. ಅನುದಾನದಿಂದ ಬಂದವರನ್ನು ದೂರದಿಂದಲೇ ಗುರುತು ಹಿಡಿಯಬಹುದು. ಅವರು ತಮ್ಮ ಸ್ಟಾಲಿನ ಫೋಟೋವನ್ನು ನಾಲ್ಕೂ ಕಡೆಯಿಂದ ತೆಗೆಯುತ್ತಿರುತ್ತಾರೆ.

ಅಮೆರಿಕದಿಂದ ಮರಳುಕಾಗದ ತಂದಿದ್ದ ಒಬ್ಬರು ತಮ್ಮ ಕಡೆಯ ಸ್ಟೆಪ್ ಯೋಜನೆ ವಿವರಿಸಿದರು. 2010ರ ಸಣ್ಣ ಉದ್ಯಮಗಳ ಕಾಯ್ದೆಯಲ್ಲಿ ಪ್ರಯೋಗವಾಗಿ ಶುರುವಾದದ್ದು. ಕೇಂದ್ರದ ಸಣ್ಣ ಉದ್ಯಮ ಆಡಳಿತ ದುಡ್ಡನ್ನು ರಾಜ್ಯಗಳಿಗೆ ಕೊಡುತ್ತೆ, ರಾಜ್ಯ ಕಂಪನಿಗಳಿಗೆ ಕೊಡುತ್ತೆ. ಹಾಗಾಗಿ ಎಷ್ಟು ಸಿಗುತ್ತೆ, ಯಾವುದಕ್ಕೆ ಸಿಗುತ್ತೆ ಅನ್ನುವುದು ಕಾರ್ಖಾನೆ ಯಾವ ರಾಜ್ಯದಲ್ಲಿದೆ ಅನ್ನುವುದರ ಮೇಲೆ. ಅವರ ಪಟ್ಟಿಯಲ್ಲಿ ವೆಬ್‌ಸೈಟಿನ ಅನುವಾದಕ್ಕೂ ಜಾಗವಿತ್ತು. ತಮ್ಮನಿಗೆ ಹೇಳಿದರೆ ಹೊಟ್ಟೆ ಉರಿದುಕೊಂಡ. ಬ್ರಿಟನ್ನಿನ ಒಬ್ಬರು ಹಳೇ ಯೋಜನೆಯನ್ನು, ಅಂದರೆ 2021ರಲ್ಲಿ ನಿಂತುಹೋದ ಟ್ರೇಡ್‌ಶೋ ಆಕ್ಸೆಸ್ ಪ್ರೋಗ್ರಾಮನ್ನು, ತೀರಿಹೋದ ಸೋದರಮಾವನನ್ನು ನೆನೆಸಿಕೊಂಡ ಹಾಗೆ ನೆನೆಸಿಕೊಂಡರು. ಅದರ ಜಾಗಕ್ಕೆ ಬೇರೊಂದು ಬಂದಿತ್ತಂತೆ. ಈ ಯೋಜನೆಗಳ ಒಂದು ಗುಣವೇ ಅದು: ನಿಮ್ಮ ಬಿಲ್ಲಿನ ಕಟ್ಟು ಸಿದ್ಧವಾಗುವ ಹೊತ್ತಿಗೆ ಹೆಸರು, ಫಾರಂ, ವೆಬ್‌ಸೈಟು ಮೂರೂ ಬದಲಾಗಿರುತ್ತೆ.

ನನಗೆ ಹಿಡಿಸಿದ್ದು ಜರ್ಮನಿಯವರದ್ದು. ಹತ್ತು ವರ್ಷ ತುಂಬದ, ಐವತ್ತಕ್ಕಿಂತ ಕಡಿಮೆ ಜನರಿರುವ, ಏನಾದರೂ ಹೊಸತು ಮಾಡುವ ಕಂಪನಿಗಳಿಗೆ ಅಲ್ಲಿನ ಸರ್ಕಾರ ತಮ್ಮದೇ ದೇಶದಲ್ಲಿ ನಡೆಯುವ ಅಂತರರಾಷ್ಟ್ರೀಯ ಮೇಳಗಳಲ್ಲಿ ಒಟ್ಟಿಗೆ ಸ್ಟಾಲು ಹಾಕಿಸುತ್ತೆ. ಮೊದಲ ಎರಡು ಸಲ ಖರ್ಚಿನ ಶೇ 60, ಆಮೇಲೆ ಶೇ 50 ಅಂತ ಒಬ್ಬ ಹುಡುಗ ಹೇಳಿದ. ಅಲ್ಲೂ ಗುಂಪೇ, ಆದರೆ ಗುಂಪಿನ ಗುರುತು "ಹೊಸ ಕಂಪನಿಗಳು". ಹೊಸತು ಹುಡುಕಿಕೊಂಡೇ ಬರುವ ಜನ ಮೇಳದಲ್ಲಿ ಇರುತ್ತಾರಲ್ಲ, ಅವರು ನೇರ ಅಲ್ಲಿಗೆ ಹೋಗುತ್ತಾರೆ. ಆ ಹುಡುಗನಿಗೂ ಒಂದು ಲೆಕ್ಕದ ತಲೆಬಿಸಿ ಇತ್ತು. ಯುರೋಪಿನ ಒಕ್ಕೂಟದಲ್ಲಿ ಇಂಥ ಸಣ್ಣಪುಟ್ಟ ಸರ್ಕಾರಿ ನೆರವೆಲ್ಲ ಕೂಡಿ ಮೂರು ವರ್ಷಕ್ಕೆ ಒಂದು ಮಿತಿ ದಾಟಬಾರದು. ಆಗ 2 ಲಕ್ಷ ಯೂರೊ ಇತ್ತು, 2024ರ ಜನವರಿಯಿಂದ 3 ಲಕ್ಷ ಆಗಿದೆ. ಅಷ್ಟು ದೊಡ್ಡ ಮಿತಿಯ ಚಿಂತೆ ನಮಗೂ ಬರಲಿ ಅಂತ ಹಾರೈಸಿಕೊಂಡು ವಾಪಸ್ ಬಂದೆ.

ಮೇಳ ನಡೆಯುವ ಹ್ಯಾನೋವರ್‌ನ ಆ ಮೈದಾನದ ಇತಿಹಾಸವೂ ಈ ಮಾತಿಗೆ ಹೊಂದುತ್ತೆ. 1947ರಲ್ಲಿ, ಯುದ್ಧ ಮುಗಿದು ಎರಡು ವರ್ಷಕ್ಕೆ, ಬ್ರಿಟಿಷ್ ಸೇನಾಡಳಿತ ಅಲ್ಲಿನ ಲೋಹದ ಕಾರ್ಖಾನೆಯ ಶೆಡ್ಡುಗಳಲ್ಲಿ ಒಂದು ರಫ್ತು ಮೇಳ ಮಾಡಿಸಿತು. ಹಳೇ ಮೇಳದ ಊರು ಲೈಪ್‌ಜಿಗ್ ಸೋವಿಯತ್ ಪಾಲಿಗೆ ಹೋಗಿತ್ತು, ಜರ್ಮನಿಗೆ ವಿದೇಶಿ ಹಣ ಬೇಕಿತ್ತು. ಅಂದರೆ ಆ ಮೈದಾನ ಶುರುವಾದದ್ದೇ ಸರ್ಕಾರಿ ಒತ್ತಾಸೆಯಿಂದ. ಇವತ್ತಿಗೂ ಅದನ್ನು ನಡೆಸುವ ಕಂಪನಿಯ ಒಡೆತನ ಬಹುಪಾಲು ಲೋವರ್ ಸ್ಯಾಕ್ಸನಿ ರಾಜ್ಯ ಮತ್ತು ಹ್ಯಾನೋವರ್ ನಗರದ ಕೈಯಲ್ಲಿದೆ. ನಮಗೆ ಸಿಕ್ಕ 31ರಲ್ಲಿ 19 ಸ್ಟಾಲಿನ ಬಾಬ್ತು. ನಮ್ಮ ಸರ್ಕಾರ ನಮ್ಮ ಹೆಸರಿನಲ್ಲಿ ಕೊಟ್ಟ ದುಡ್ಡಿನ ದೊಡ್ಡ ಪಾಲು ಇನ್ನೊಂದು ಸರ್ಕಾರದ ಕಂಪನಿಗೆ ಬಾಡಿಗೆಯಾಗಿ ಹೋಯಿತು. ನಡುವೆ ನಾವು ಐದು ದಿನ ಕಂಬದ ಹಿಂದೆ ನಿಂತಿದ್ದೆವು.

ಬಂದ ಮೇಲೆ ಬಿಲ್ಲಿನ ಪರ್ವ. ಮೂವತ್ತು ದಿನದೊಳಗೆ ಕಟ್ಟು ತಲುಪಬೇಕು. ಸ್ಟಾಲಿನ ಬಿಲ್ಲು, ದುಡ್ಡು ಹೋದದ್ದಕ್ಕೆ ಬ್ಯಾಂಕಿನ ಪುರಾವೆ, ಸಾಗಣೆಯವರಿಂದ ಮೂರು ಕೊಟೇಶನ್, ಮೇಳದವರ ಪ್ರಮಾಣಪತ್ರ, ಬೋರ್ಡಿಂಗ್ ಪಾಸು, ಲಾಂಛನ ಕಾಣುವ ಹಾಗೆ ಸ್ಟಾಲಿನಲ್ಲಿ ನಿಂತ ಫೋಟೋ.

ಬೋರ್ಡಿಂಗ್ ಪಾಸು ಮೊಬೈಲಿನಲ್ಲಿತ್ತು. ವಿಮಾನ ಇಳಿದ ಮಾರನೇ ದಿನ ಆ್ಯಪ್ ಅದನ್ನು ಅಳಿಸಿಹಾಕಿತ್ತು. ಪಾಸ್‌ಪೋರ್ಟಿನಲ್ಲಿ ಮುದ್ರೆ ಇದೆ, ಸಾಲದೇ ಅಂದೆ. "ಮೇಡಂ, ಮುದ್ರೆ ನೀವು ಹೋಗಿದ್ದಕ್ಕೆ ಸಾಕ್ಷಿ. ವಿಮಾನದಲ್ಲಿ ಹೋಗಿದ್ದಕ್ಕೆ?" ಅಂದರು ಕಿಟಕಿಯವರು. ಈಜಿಕೊಂಡು ಹೋದೆ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ವಿಮಾನ ಕಂಪನಿಯಿಂದ ಪ್ರಯಾಣದ ಪತ್ರ ತರಿಸಲು ಮೂರು ವಾರ ಹಿಡಿಯಿತು. ನೀವು ಹೋಗುವುದಾದರೆ ಕೌಂಟರಿನಲ್ಲಿ ಕಾಗದದ ಪಾಸನ್ನೇ ಕೇಳಿ ಪಡೆಯಿರಿ, ಲಕೋಟೆಯಲ್ಲಿ ಹಾಕಿಡಿ.

ಫೋಟೋ ವಾಪಸ್ ಬಂತು. "ಲಾಂಛನ ಪೂರ್ಣವಾಗಿ ಕಾಣುತ್ತಿಲ್ಲ" ಅಂತ ಷರಾ. ಕಾಣುವುದು ಹೇಗೆ, ಅಡ್ಡ ಕಂಬವಿದೆಯಲ್ಲ! ಕಂಬ ಕೊಟ್ಟವರೇ ಕಂಬ ಯಾಕೆ ಅಂತ ಕೇಳುತ್ತಿದ್ದರು. ಕೊನೆಗೆ ನಮ್ಮನ್ನು ಕಾಪಾಡಿದ್ದು ರಿಬ್ಬನ್ ಕತ್ತರಿಸಿದ ದಿನದ ಫೋಟೋ. ಅಧಿಕಾರಿಗಳು ತಮ್ಮ ಮುಖ ಚೆನ್ನಾಗಿ ಬರಲೆಂದು ಕಂಬದಿಂದ ಈಚೆಗೆ ನಿಂತಿದ್ದರು, ಲಾಂಛನ ಪೂರ್ತಿ ಬಿದ್ದಿತ್ತು. ಹಿಂದೆ ಮೂಲೆಯಲ್ಲಿ ನನ್ನ ಅರ್ಧ ಮುಖ. ಅದು ಪಾಸಾಯಿತು.

ಒಟ್ಟು ಐದು ಸಲ ಪ್ರಶ್ನೆ ಬಂತು, ಪ್ರತಿ ಸಲವೂ ಬೇರೆಯವರಿಂದ, ಹಿಂದಿನವರು ಏನು ಕೇಳಿದ್ದರು ಅಂತ ಓದದೆ. ಒಂದು ಮಾತು ಮಾತ್ರ ಅವರ ಪರವಾಗಿ ಹೇಳಲೇಬೇಕು: ಯಾರೂ ಒಂದು ಕಾಸು ಕೇಳಲಿಲ್ಲ, ಯಾರೂ ಒರಟಾಗಿ ಮಾತಾಡಲಿಲ್ಲ. ತಡವಾಯಿತು, ಅಷ್ಟೇ.

ನಕ್ಷತ್ರ ಕೊಡುವುದಾದರೆ ತರಬೇತಿಗೆ ಐದು ಆಗಲೇ ಕೊಟ್ಟಾಗಿದೆ. ದುಡ್ಡಿಗೆ ಮೂರು. ಪೆವಿಲಿಯನ್ನಿಗೆ ಒಂದು, ಅದೂ ಕಾರ್ಪೆಟ್ಟು ಮೆತ್ತಗಿತ್ತು ಅಂತ. ಬಿಲ್ಲಿನ ವಿಭಾಗಕ್ಕೆ ಎರಡು. ಮತ್ತೆ ಅರ್ಜಿ ಹಾಕಿದ್ದೀರಲ್ಲ ಅಂದರೆ, ಹೌದು, ಹಾಕಿದ್ದೇವೆ. ಈ ಸಲ ಅರ್ಜಿ ತೆರೆದ ದಿನ ಬೆಳಿಗ್ಗೆಯೇ ಹಾಕಿದೆವು, ಕಂಬ ತಪ್ಪಲಿ ಅಂತ. ಅನುದಾನ ಬಂದರೆ ಬಂತು, ಬರದಿದ್ದರೂ ಹೋಗುವಷ್ಟು ದುಡ್ಡು ಪಕ್ಕಕ್ಕೆ ಎತ್ತಿಟ್ಟಿದ್ದೇವೆ. ಹಾಗೆ ಎತ್ತಿಡಲು ಆಗದವರು ಇದಕ್ಕೆ ಕೈಹಾಕಬೇಡಿ, ಸ್ಟಾಲು ಬೇಡ ಅಂತಿಟ್ಟುಕೊಂಡು ಒಬ್ಬರೇ ಬರಿಗೈಯಲ್ಲಿ ಮೇಳ ಸುತ್ತಿ ಬನ್ನಿ. ಅದರ ಖರ್ಚು ನಮ್ಮ ಲೆಕ್ಕದ ನೂರರಲ್ಲಿ ಕಾಲು ಭಾಗ ದಾಟುವುದಿಲ್ಲ.

ಒಂದು ಬಾಕಿ ಉಳಿಯಿತು. ಮೇಳ ಮುಗಿದ ಆರು ತಿಂಗಳಿಗೆ ಒಂದು ವರದಿ ಕೊಡಬೇಕು. "ಮೇಳದಿಂದ ದೊರೆತ ಆರ್ಡರುಗಳ ಸಂಖ್ಯೆ" ಅನ್ನುವ ಕಾಲಂ ಇದೆ. 2023ರ ನವೆಂಬರಿನಲ್ಲಿ ನಾನು ಅಲ್ಲಿ ಪ್ರಾಮಾಣಿಕವಾಗಿ ಸೊನ್ನೆ ಬರೆದೆ. 2024ರ ಜುಲೈಯಲ್ಲಿ ಒಂದು ಇಮೇಲ್ ಬಂತು, ನಾನೂರು ಮೀಟರು ಬೇಕು ಅಂತ. ಕೆಳಗಿನ ಹೆಸರನ್ನು ನಾನು ಕಾರ್ಡುಗಳ ಡಬ್ಬಿಯಲ್ಲಿ ಹುಡುಕಿದೆ. ಬುಧವಾರದ ಮುದುಕ. ಮೂರು ದೇಶದ ಅಂಗಡಿಗಳಿಗೆ ಉಪಕರಣ ಹಂಚುವ ಸಗಟು ವ್ಯಾಪಾರಿ. "ನಿಮ್ಮ ಮೀಟರು ನಿಮ್ಮನ್ನೇ ಸುಳ್ಳು ಮಾಡಿತು, ನೀವು ಅದನ್ನು ಮುಚ್ಚಿಡಲಿಲ್ಲ" ಅಂತ ಒಂದು ಸಾಲು ಬರೆದಿದ್ದ.

ಖುಷಿಯಲ್ಲಿ ಇಲಾಖೆಗೆ ಬರೆದೆ, ಆ ಸೊನ್ನೆಯನ್ನು ತಿದ್ದಬಹುದೇ ಅಂತ. ಇದೊಂದಕ್ಕೆ ಮಾತ್ರ ಅದೇ ದಿನ ಉತ್ತರ ಬಂತು: ಕಡತ ಮುಕ್ತಾಯಗೊಂಡಿದೆ.